ನರ್ಸಿನ ಮಾತು ಲೆಕ್ಕಕ್ಕೆ ಬರುವ ಕಡೆ

ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಆ ಫಾರಂ ನೋಡಿ, ಯಾರಿಗೋ ಕಳಿಸಬೇಕಾದ್ದು ನನಗೆ ಬಂದಿದೆ ಅಂದುಕೊಂಡೆ. ನಮ್ಮ ವಾರ್ಡಿನ ಹೊಸ ಡಾಕ್ಟರ್ ಬಗ್ಗೆ ನರ್ಸ್ ಆದ ನಾನು ಅಭಿಪ್ರಾಯ ಬರೆಯಬೇಕಿತ್ತು. ರೋಗಿಗಳ ಜೊತೆ ಹೇಗಿರುತ್ತಾರೆ, ಮಾತು ಸ್ಪಷ್ಟವಾಗಿದೆಯೇ, ಜೊತೆಯವರೊಡನೆ ಹೊಂದಿಕೊಂಡು ಕೆಲಸ ಮಾಡುತ್ತಾರೆಯೇ, ಕರೆದಾಗ ಸಿಗುತ್ತಾರೆಯೇ. ನಾಲ್ಕೇ ಪ್ರಶ್ನೆ. ಇಲ್ಲಿ ಮೆಡಿಕಲ್ ಓದು ಮುಗಿಸಿದವರು ಮೊದಲ ಎರಡು ವರ್ಷದ ತರಬೇತಿಯಲ್ಲಿ ಹೀಗೆ ಕನಿಷ್ಠ 10 ಮಂದಿಯ ಅಭಿಪ್ರಾಯ ಪಡೆಯಬೇಕು. ಅವರಲ್ಲಿ ನರ್ಸ್‌ಗಳು ಇರಲೇಬೇಕು. ಯಾರು ಏನು ಬರೆದರೆಂದು ಡಾಕ್ಟರಿಗೆ ತಿಳಿಯುವುದಿಲ್ಲ.

ನಾನು ಕಲಿತ ಊರಿನಲ್ಲಿ ಮೆಡಿಕಲ್, ನರ್ಸಿಂಗ್, ಫಿಸಿಯೋಥೆರಪಿ ಕಾಲೇಜುಗಳು ಒಂದೇ ಕಾಂಪೌಂಡಿನಲ್ಲಿದ್ದವು. ಆದರೂ ನಾಲ್ಕು ವರ್ಷದಲ್ಲಿ ಒಂದೇ ಒಂದು ಕ್ಲಾಸನ್ನೂ ಜೊತೆಗೆ ಕೂತು ಕೇಳಲಿಲ್ಲ. ಮುಖಾಮುಖಿಯಾದದ್ದು ರಾತ್ರಿ ಪಾಳಿಯಲ್ಲಿ. ಒಬ್ಬ ಅಜ್ಜನ ಬಿಪಿ ಇಳಿಯುತ್ತಿತ್ತು. "ಸಾರ್, ಒಂದ್ಸಲ ಬಂದು ನೋಡ್ತೀರಾ?" ಅಂತ ಡ್ಯೂಟಿ ರೂಮಿನ ಬಾಗಿಲಲ್ಲಿ ನಿಂತು ಇಂಟರ್ನ್‌ಗೆ ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲು ಬಾಯಿ ಬರಲಿಲ್ಲ. ಹಿರಿಯ ಸಿಸ್ಟರ್ ಒಬ್ಬರು ನೇರವಾಗಿ ಪ್ರೊಫೆಸರಿಗೇ ಫೋನ್ ಮಾಡಿದರು, ಅಜ್ಜ ಉಳಿದರು. ಆ ಇಂಟರ್ನ್ ನನ್ನದೇ ವಯಸ್ಸಿನ ಹುಡುಗ, ಕೆಟ್ಟವನಲ್ಲ. ಕೇಳಿಸಿಕೊಳ್ಳುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಹೇಳುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಇಲ್ಲಿ ಆ ಹೇಳುವ ಬಗೆಯನ್ನೇ ವಿದ್ಯಾರ್ಥಿಗಳಿಗೆ ಅಭ್ಯಾಸ ಮಾಡಿಸುತ್ತಾರೆ: ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತದೆ, ಈಗ ಏನು ಮಾಡಬೇಕು. ಮೂರನೆಯದರಲ್ಲೇ ಎಲ್ಲ ಇದೆ. ಬಿಪಿ ಎಷ್ಟು ಅಂತ ಹೇಳಿ ಸುಮ್ಮನಾಗುವುದಲ್ಲ, "ಒಳಗೆಲ್ಲೋ ರಕ್ತ ಹೋಗುತ್ತಿದೆ ಅನ್ನಿಸುತ್ತದೆ" ಅನ್ನುವ ಹಕ್ಕು ನರ್ಸಿಗೂ ಇದೆ.

ಈ ದೇಶ ಇದನ್ನು ಸುಲಭವಾಗಿ ಕಲಿಯಲಿಲ್ಲ. ಬ್ರಿಸ್ಟಲ್ ನಗರದ ಆಸ್ಪತ್ರೆಯಲ್ಲಿ 1980-90ರ ದಶಕಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ ಮಕ್ಕಳು ಬೇರೆಡೆಗಿಂತ ಹೆಚ್ಚಾಗಿ ಸಾಯುತ್ತಿದ್ದರು. ಅರಿವಳಿಕೆ ವೈದ್ಯರೊಬ್ಬರು ಎಚ್ಚರಿಸಿದರೂ ಮೇಲಿನವರು ಕಿವಿಗೊಡಲಿಲ್ಲ. 2001ರ ವಿಚಾರಣಾ ವರದಿ ತಂಡವಾಗಿ ಕೆಲಸ ಮಾಡದಿದ್ದುದನ್ನೂ ದೋಷವೆಂದು ಎತ್ತಿ ತೋರಿಸಿತು, ಬೇರೆ ಬೇರೆ ವೃತ್ತಿಯವರು ಜೊತೆಯಾಗಿ ಕಲಿಯಬೇಕೆಂದಿತು. ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಂತೂ 1996ರಲ್ಲೇ ವಿವಿಧ ಕೋರ್ಸುಗಳ ವಿದ್ಯಾರ್ಥಿಗಳು ಸೇರಿ, ಹಿರಿಯರ ಕಣ್ಗಾವಲಿನಲ್ಲಿ ನಡೆಸುವ ವಾರ್ಡೇ ಶುರುವಾಗಿತ್ತು.

ಹಾಗೆಂದು ವಿದ್ಯಾರ್ಥಿಗಳ ಮಟ್ಟದಲ್ಲಿ ಇಲ್ಲೂ ಎಲ್ಲ ಸರಿಯಿದೆ ಎನ್ನಲಾರೆ. ಒಂದು ದಿನದ ಕಾರ್ಯಾಗಾರ ಮಾಡಿಸಿ, ಒಂದು ಪುಟ ಬರೆಸಿಕೊಂಡು ಮುಗಿಸಿದ್ದನ್ನೂ ನೋಡಿದ್ದೇನೆ. ಇಡೀ ಗುಂಪಿಗೆ ಒಂದೇ ಮಾರ್ಕು ಕೊಟ್ಟರೆ ಒಬ್ಬಳು ದುಡಿಯುತ್ತಾಳೆ, ನಾಲ್ವರು ಪಾಸಾಗುತ್ತಾರೆ. ಜೊತೆಯಾಗಿ ಕೆಲಸ ಮಾಡುವ ಗುಣ ತಿಳಿಯುವುದು ಸಣ್ಣ ಸಂಗತಿಗಳಲ್ಲಿ: ರೋಗಿಯನ್ನು ಮನೆಗೆ ಕಳಿಸುವ ಮುನ್ನ ಡಾಕ್ಟರಾಗುವ ಹುಡುಗ ಫಿಸಿಯೋಥೆರಪಿಸ್ಟನ್ನು ಕೇಳಿದನೇ? ಔಷಧದ ತಪ್ಪನ್ನು ಫಾರ್ಮಸಿಸ್ಟ್ ತೋರಿಸಿದಾಗ ಅವನ ಮುಖ ಹೇಗಾಯಿತು? ಇದನ್ನು ಅಳೆಯಲು ಹಲವು ದಿನ ಬೇಕು, ಹಲವರ ಕಣ್ಣು ಬೇಕು.

ನಮ್ಮಲ್ಲಿ ದಾರಿಯಿಲ್ಲವೆಂದಲ್ಲ. 2019ರ ಹೊಸ ಪಠ್ಯಕ್ರಮ ಬಂದಮೇಲೆ ಎಂಬಿಬಿಎಸ್‌ನಲ್ಲಿ ಆರೋಗ್ಯ ತಂಡದಲ್ಲಿ ಕೆಲಸ ಮಾಡುವುದರ ಬಗ್ಗೆಯೇ ಒಂದು ಪಾಠವಿದೆ. ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಮನೆ ಮನೆಗೆ ಹೋಗುವ ಕ್ರಮವೂ ಬಂದಿದೆ. ಇಂಗ್ಲೆಂಡಿನಲ್ಲಿ ಎಷ್ಟೋ ಕಡೆ ಬೇರೆ ಬೇರೆ ವಿಶ್ವವಿದ್ಯಾಲಯಗಳ ವೇಳಾಪಟ್ಟಿ ಹೊಂದಿಸುವುದೇ ದೊಡ್ಡ ತಲೆನೋವು, ನಮ್ಮಲ್ಲಿ ಗೋಡೆ ದಾಟಿದರೆ ನರ್ಸಿಂಗ್ ಕಾಲೇಜು. ಆ ಮನೆ ಭೇಟಿಗೆ ಎರಡೂ ಕಾಲೇಜಿನ ವಿದ್ಯಾರ್ಥಿಗಳನ್ನು ಒಂದೇ ಬಸ್ಸಿನಲ್ಲಿ ಕಳಿಸಲಿ. ಮೌಲ್ಯಮಾಪನದಲ್ಲಿ ಆ ಊರಿನ ಆಶಾ ಕಾರ್ಯಕರ್ತೆಯ ಮಾತೂ ಸೇರಲಿ. ಯಾವ ಮನೆಯ ಮಗುವಿಗೆ ಚುಚ್ಚುಮದ್ದು ತಪ್ಪಿದೆ ಎಂದು ತನ್ನನ್ನು ಕೇಳಿದವರು ಯಾರು, ಕೇಳದೆ ನೋಟ್‌ಬುಕ್ ತುಂಬಿಸಿಕೊಂಡು ಹೋದವರು ಯಾರು ಎಂಬುದು ಆಕೆಗೆ ಗೊತ್ತಿರುತ್ತದೆ.