ಹಳೆಯ ಗಂಟೆಗೆ ಕವಚ ಮಾಡಿದ ಅಪ್ಪ-ಮಕ್ಕಳು

ಐರ್ಲೆಂಡಿನಲ್ಲಿ, ಅಲ್ಲಿ ಕ್ರೈಸ್ತ ಧರ್ಮ ಹರಡಿದ ಸಂತ ಪ್ಯಾಟ್ರಿಕ್‌ನದು ಎಂದು ಜನ ನಂಬಿಕೊಂಡು ಬಂದ ಒಂದು ಗಂಟೆ ಇದೆ. ನೋಡಲು ತೀರಾ ಒರಟು. ಕಬ್ಬಿಣದ ತಗಡು ಬಗ್ಗಿಸಿ, ಅಂಚಿಗೆ ರಿವೆಟ್ ಹೊಡೆದು, ಕಂಚಿನ ಲೇಪ ಕೊಟ್ಟಿದ್ದಾರೆ, ಅಷ್ಟೇ. ಆದರೆ 1100ರ ಆಸುಪಾಸಿನಲ್ಲಿ ಅದಕ್ಕೆ ಮಾಡಿಸಿದ ಕವಚ ಇದೆಯಲ್ಲ, ಅದರಿಂದ ಕಣ್ಣು ಕೀಳುವುದೇ ಕಷ್ಟ.

ಮುಂಬದಿಯಲ್ಲಿ ಕಂಚಿನ ತಗಡಿನ ಮೇಲೆ ಚಿನ್ನದ ತಂತಿಯ ಕುಸುರಿ, ನಡುನಡುವೆ ಹರಳು. ಪಕ್ಕಗಳಲ್ಲಿ ಉದ್ದುದ್ದ ಮೈಯ ಪ್ರಾಣಿಗಳು, ಹಾವುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಯಾವ ತಲೆಗೆ ಯಾವ ಬಾಲ ಅಂತ ಕಣ್ಣಲ್ಲೇ ಜಾಡು ಹಿಡಿದು ಹೋಗಬೇಕು. ಈ ಹೆಣಿಗೆಯ ಶೈಲಿ ಸ್ಕ್ಯಾಂಡಿನೇವಿಯಾದ್ದು. ಐರ್ಲೆಂಡಿನ ಮಠಗಳನ್ನು ದೋಚಿದ ವೈಕಿಂಗರ ನಾಡಿನ ಅಲಂಕಾರ, ಅಲ್ವಾ! ಚೆನ್ನಾಗಿದ್ದದ್ದನ್ನು ಅಕ್ಕಸಾಲಿಗಳು ತಮ್ಮದೇ ಮಾಡಿಕೊಂಡರು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಹಿಂಬದಿ. ಅಲ್ಲಿ ಬೆಳ್ಳಿಯ ತಗಡಿನಲ್ಲಿ ಶಿಲುಬೆಗಳ ಜಾಲರಿ ಕೊರೆದಿದ್ದಾರೆ. ಅಂಚಿನ ಸುತ್ತ ಐರಿಷ್ ಬರಹವಿದೆ. ಮಾಡಿಸಿದ ರಾಜ ಡೊಮ್ನಾಲ್ ಉಅ ಲೊಖ್ಲಿನ್‌ಗಾಗಿ, ಅರ್ಮಾ ಎಂಬ ಧರ್ಮಕೇಂದ್ರದ ಮುಖ್ಯ ಧರ್ಮಗುರುವಿಗಾಗಿ, ಗಂಟೆ ಕಾಯುವವನಿಗಾಗಿ ಪ್ರಾರ್ಥಿಸಿ ಅನ್ನುತ್ತದೆ. ಅದೇ ಸಾಲಿನಲ್ಲಿ, ಇದನ್ನು ಮಾಡಿದ ಕೂ ದೂಲಿಗ್ ಮತ್ತು ಅವನ ಗಂಡುಮಕ್ಕಳಿಗಾಗಿಯೂ ಪ್ರಾರ್ಥಿಸಿ ಅನ್ನುತ್ತದೆ. ಕುಲುಮೆ ಮುಂದೆ ಬೆವರು ಸುರಿಸಿದ ಅಪ್ಪ-ಮಕ್ಕಳಿಗೆ ರಾಜನ ಪಕ್ಕದಲ್ಲೇ ಜಾಗ ಸಿಕ್ಕಿದೆ. ಮೆರವಣಿಗೆಯಲ್ಲಿ ಹೊರುತ್ತಿದ್ದ 1123ರ ಕಾಂಗ್ ಶಿಲುಬೆಯಲ್ಲೂ ಹಾಗೇ. ಮಾಡಿಸಿದ ರಾಜನ ಜೊತೆ ಮಾಯಿಲ್ ಈಸು ಎಂಬ ಕುಶಲಕರ್ಮಿಯ ಹೆಸರೂ ಇದೆ.

ಹೀಗಿರುವಾಗ ಇವನ್ನೆಲ್ಲ ಸುಮ್ನೆ 'ರಾಜರ ಕೊಡುಗೆ', 'ಮಠಗಳ ಸಂಪತ್ತು' ಎಂದು ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಕಾಲದವರೇ ಕೈಕೆಲಸದವನ ಹೆಸರು ಮರೆಯಲಿಲ್ಲ, ನಾವು ಯಾಕೆ ಮರೆಯಬೇಕು?

ಬಡ ಗಂಟೆಯನ್ನು ಚಿನ್ನದಲ್ಲಿ ಮುಚ್ಚಿದ್ದು ಆಡಂಬರ ಅನ್ನುವವರಿಗೂ ಒಂದು ಮಾತು. ಚಿನ್ನವಿದ್ದವರು ಹೊಸ ಗಂಟೆಯನ್ನೇ ಮಾಡಿಸಬಹುದಿತ್ತು. ಮಾಡಿಸಲಿಲ್ಲ. ಒರಟು ಕಬ್ಬಿಣ ಒರಟಾಗಿಯೇ ಒಳಗೆ ಉಳಿಯಿತು. ಕಾಯುವ ಕೆಲಸವೂ ಒಂದೇ ಮನೆತನದಲ್ಲಿ 19ನೇ ಶತಮಾನದವರೆಗೆ ನಡೆದು ಬಂತು.

ಇವಕ್ಕಿಂತ ಹಳೆಯದು ಅರ್ಡಾ ಪಾತ್ರೆ, ಚರ್ಚಿನ ಪೂಜೆಯಲ್ಲಿ ದ್ರಾಕ್ಷಾರಸಕ್ಕೆ ಬಳಸುವಂಥದ್ದು, 8ನೇ ಶತಮಾನದ್ದು. 1868ರಲ್ಲಿ ಲಿಮರಿಕ್ ಕೌಂಟಿಯಲ್ಲಿ ಆಲೂಗಡ್ಡೆ ಅಗೆಯುವಾಗ ಸಿಕ್ಕಿತು. 350ಕ್ಕೂ ಜಾಸ್ತಿ ಬಿಡಿಭಾಗಗಳನ್ನು ಜೋಡಿಸಿ ಮಾಡಿದ್ದು. ಪಾದದ ಅಡಿಯಲ್ಲೂ ಸ್ಫಟಿಕ, ಸುತ್ತ ಕುಸುರಿ. ಮೈಮೇಲೆ ಯೇಸುವಿನ ಶಿಷ್ಯರಾದ ಅಪೊಸ್ತಲರ ಹೆಸರುಗಳಿವೆ, ಮಾಡಿದವನದು ಇಲ್ಲ. ಅದು ನನಗೆ ನಿಜಕ್ಕೂ ಬೇಜಾರು.

ಈ ಮೂರೂ ಡಬ್ಲಿನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದವು. ಪ್ರವೇಶ ಉಚಿತ. ಆ ಕಡೆ ಇರುವ ಗೆಳೆಯರು ದಯವಿಟ್ಟು ಒಮ್ಮೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಕೂ ದೂಲಿಗ್‌ನ ಹೆಸರು ಹೇಳಿಕೊಡಿ.