ಯಾವ ಸಿಮೆಂಟ್ ಹಾಕಿಸೋಣ ಸಾರ್?

ನಾನು ಮೆಟೀರಿಯಲ್ಸ್ ಎಂಜಿನಿಯರ್ ಅಂತ ಗೊತ್ತಾದರೆ ಸಾಕು, ಮದುವೆ ಮನೆ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳೋದು ಒಂದೇ ಪ್ರಶ್ನೆ: "ಯಾವ ಸಿಮೆಂಟ್ ಹಾಕಿಸೋಣ ಸಾರ್?" ಕಬ್ಬಿಣ ಯಾವ ಕಂಪನಿದು ಅಂತಲೂ ಕೇಳ್ತಾರೆ. ಇಷ್ಟು ವರ್ಷದ ಸರ್ವೀಸಲ್ಲಿ "ನೀರು ಎಷ್ಟು ಹಾಕಬೇಕು?" ಅಂತ ಕೇಳಿದವರು ಒಬ್ಬರೂ ಇಲ್ಲ.

ಐಎಸ್‌ಐ ಗುರುತಿದ್ದು, ಚೀಲದ ಮೇಲಿನ ವಾರ, ವರ್ಷ ನೋಡಿ ಮೂರು ತಿಂಗಳೊಳಗಿನ ಮಾಲು ಅಂತ ಖಾತ್ರಿಯಾದರೆ ಯಾವುದಾದರೂ ತಗೊಳ್ಳಿ. ಮನೆ ಕೆಡೋದು ಸಿಮೆಂಟಿಂದಲ್ಲ, ಬಕೆಟ್ಟಿಂದ. 50 ಕೆಜಿ ಚೀಲದ ಸಿಮೆಂಟು ಗಟ್ಟಿಯಾಗುವಾಗ ತನ್ನೊಳಗೆ ಸೇರಿಸಿಕೊಳ್ಳೋ ನೀರು ಹೆಚ್ಚೂಕಮ್ಮಿ ಅದರ ತೂಕದ ಕಾಲುಭಾಗ. ಕಲಸೋಕೆ, ಸುರಿಯೋಕೆ ಅನುಕೂಲ ಆಗಲಿ ಅಂತ ಇನ್ನಷ್ಟು ಸೇರಿಸ್ತೀವಿ. ಒಟ್ಟು 25 ಲೀಟರ್ ಅಂತಿಟ್ಟುಕೊಳ್ಳಿ, ಹಿಂದಿನ ದಿನ ಮಳೆ ಬಂದು ಎಂ-ಸ್ಯಾಂಡ್ (ಕಲ್ಲು ಅರೆದ ಮರಳು) ನೆಂದಿದ್ದರೆ ಅದರೊಳಗಿನ ನೀರೂ ಈ ಲೆಕ್ಕಕ್ಕೇ ಸೇರುತ್ತೆ. ಅದರ ಮೇಲೆ ಹಾಕಿದ್ದೆಲ್ಲ ಆಮೇಲೆ ಆರಿ ಹೋಗುತ್ತೆ, ಇದ್ದ ಜಾಗ ತೂತಾಗಿ ಉಳಿಯುತ್ತೆ. ಆ ತೂತುಗಳಲ್ಲೇ ಗಾಳಿ, ತೇವ ಒಳಗೆ ಇಳಿದು ಕಂಬಿಗೆ ತುಕ್ಕು ಹಿಡಿಯೋದು. ತುಕ್ಕು ಹಿಡಿದ ಕಂಬಿ ಉಬ್ಬಿ ಸೀಲಿಂಗ್ ಚಕ್ಕೆ ಚಕ್ಕೆಯಾಗಿ ಉದುರುತ್ತೆ. ಆಗ ಎಲ್ಲರೂ ಸಿಮೆಂಟ್ ಕಂಪನಿಗೆ ಬೈತಾರೆ.

ಶ್ರೀರಂಗಪಟ್ಟಣದ ಕಡೆ ಒಂದು ಸೇತುವೆ ಕೆಲಸದಲ್ಲಿದ್ದಾಗಿನ ಮಾತು. ಸಂಜೆ ಆರೂವರೆಗೆ ಮಿಕ್ಸರ್ ಲಾರಿ ಬಂತು, 6 ಘನ ಮೀಟರ್ ಮಾಲು. ಮಾಲಿನ ಹದ ನೋಡೋ ಕೋನ್ ಇಟ್ಟು, ಮೂರು ಪದರ ತುಂಬಿ, ಪದರಕ್ಕೆ 25 ಸಲ ಸಲಾಕೆಯಿಂದ ಕುಟ್ಟಿ, ನಿಧಾನಕ್ಕೆ ಮೇಲೆತ್ತಿದೆ. ಸರಿಯಾದ ಕಾಂಕ್ರೀಟು ದಪ್ಪ ಮನುಷ್ಯ ಕುರ್ಚಿಗೆ ಕೂತ ಹಾಗೆ ಒಂದೇ ಸಮ ಕುಸಿದು ನಿಲ್ಲುತ್ತೆ. ಇದು ನಡುವೆ ಜಲ್ಲಿ ಗುಡ್ಡೆ, ಸುತ್ತ ಹಾಲಿನಂಥ ನೀರು. ಡ್ರೈವರ್ ಮುಖ ನೋಡಿದೆ. "ದಾರೀಲಿ ಲೇಟಾಯ್ತು ಸಾ, ಗಟ್ಟಿ ಆಗೋಯ್ತು, ವಸಿ ನೀರು ಬುಟ್ಟೆ, ಅಷ್ಟೆಯಾ" ಅಂದ. ಪಾಪ, ಸುಳ್ಳಾದರೂ ಹೇಳಬಹುದಿತ್ತು. ನಾನು ಗಾಡಿ ವಾಪಸ್ ಅಂದೆ. ಐದೇ ನಿಮಿಷಕ್ಕೆ ಮೇಲಿನವರ ಫೋನು: "ಒಂದು ಗಾಡಿ ತಾನೇ, ಬಿಡಪ್ಪ, ಕ್ಯೂಬ್ ಬೇರೆ ಗಾಡೀದು ತುಂಬ್ಕೊ." ಬಿಡಲಿಲ್ಲ. ಮುಂದಿನ ವಾರವಿಡೀ ಮೆಸ್ಸಲ್ಲಿ ನನ್ನ ಟೇಬಲ್ಲಿಗೆ ಯಾರೂ ಬಂದು ಕೂರಲಿಲ್ಲ.

ಕ್ಯೂಬ್ ಅಂದ್ರೆ ಏನು ಅಂತಲೂ ಹೇಳಿಬಿಡ್ತೀನಿ. 150 ಮಿ.ಮೀ. ಅಚ್ಚಲ್ಲಿ ಕಾಂಕ್ರೀಟು ತುಂಬಿ, 28 ದಿನಕ್ಕೆ ಮಷಿನ್ನಲ್ಲಿ ಒತ್ತಿ ಒಡೆಯೋದು. ಎಂ25 ದರ್ಜೆಯ ಕಾಂಕ್ರೀಟು ಅಂದ್ರೆ ಹೆಚ್ಚುಕಮ್ಮಿ 57 ಟನ್ ಭಾರ ತಡೀಬೇಕು. ಆದರೆ ಈ ಕ್ಯೂಬ್‌ಗೆ ಮನೆ ಅಳಿಯನ ಉಪಚಾರ. ಅಚ್ಚು ಬಿಚ್ಚಿದ ಮೇಲೆ ಒಡೆಯೋ ದಿನದವರೆಗೂ ತೊಟ್ಟಿ ನೀರಲ್ಲೇ ವಾಸ. ಅದೇ ಮಾಲಿನ ಸ್ಲ್ಯಾಬಿಗೆ ಏಪ್ರಿಲ್ ಬಿಸಿಲಲ್ಲಿ ಬೆಳಗ್ಗೆ ಒಂದು ಪೈಪು, ಸಂಜೆ ಒಂದು ಪೈಪು, ನಾಲ್ಕನೇ ದಿನಕ್ಕೆ ಅದೂ ಇಲ್ಲ. ಈಗ ಬರೋ ಪಿಪಿಸಿ, ಅಂದ್ರೆ ಹಾರುಬೂದಿ ಬೆರೆಸಿದ ಸಿಮೆಂಟಿಗೆ ಕಮ್ಮಿ ಅಂದ್ರೂ 10 ದಿನ, ಸಾಧ್ಯವಾದರೆ 14 ದಿನ, ಒಣಗದ ಹಾಗೆ ಒದ್ದೆಯಾಗಿಡಿ ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುತ್ತೆ. ರಿಪೋರ್ಟ್ ಪಾಸಾಗೋದು ಅಳಿಯನದು, ಮನೆ ಹೊರೋದು ಸ್ಲ್ಯಾಬು. ಇಷ್ಟಾದ ಮೇಲೆ, ಪರೀಕ್ಷೆ ಮಾಡೋ ನನ್ನಂಥವನಿಗೆ ಕಾಂಕ್ರೀಟ್ ಸುರಿಯೋ ಗುತ್ತಿಗೆದಾರನೇ ಸಂಬಳ ಕೊಡ್ತಾನೆ. ಇದು ತಪ್ಪು ಅಂತ ನನ್ನ ಸಂಬಳದ ದಿನವೂ ಹೇಳ್ತೀನಿ.

ಪಿಪಿಸಿ ಅಂದಾಗ ನೆನಪಾಯ್ತು. "ಬೂದಿ ಸಿಮೆಂಟು ಬೇಡಪ್ಪ" ಅನ್ನೋ ಹಿರಿಯರೇ ಮರುಕ್ಷಣ "ಕೆಆರ್‌ಎಸ್ ನೋಡು, ಸಿಮೆಂಟೇ ಇಲ್ಲದೆ ಸುರ್ಕಿಯಲ್ಲಿ ಕಟ್ಟಿದ್ದು" ಅಂತಾರೆ. ಸುರ್ಕಿ ಅಂದ್ರೆ ಸುಟ್ಟ ಇಟ್ಟಿಗೆ ಪುಡಿ, ಸುಣ್ಣದ ಜೊತೆ ಸೇರಿ ಗಟ್ಟಿಯಾಗೋ ವಸ್ತು. ಹಾರುಬೂದಿ ಮಾಡೋದೂ ಅದೇ ಕೆಲಸ, ಸಿಮೆಂಟು ನೀರಿಗೆ ಬಿದ್ದಾಗ ಬಿಡೋ ಸುಣ್ಣವನ್ನೇ ಹಿಡಿದು ಗಟ್ಟಿಯಾಗುತ್ತೆ. 1911ರಲ್ಲಿ ಶುರುವಾದ ಆ ಕಟ್ಟೆ ತನ್ನ ತೂಕದ ಮೇಲೇ ನಿಂತ ಕಲ್ಲುಗಾರೆ. ಅದರ ಗೋಡೆಯಲ್ಲಿ ನಮ್ಮ ಸ್ಲ್ಯಾಬಿನ ಹಾಗೆ ತುಕ್ಕು ಹಿಡಿಯೋಕೆ ಕಂಬಿ ಇಲ್ಲ. ಹೋಲಿಸೋದಾದರೆ ಇದೂ ಗೊತ್ತಿರಲಿ.

ಹೋದ ತಿಂಗಳು ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪನ ಮಗನ ಮನೆಗೆ ಸ್ಲ್ಯಾಬ್ ಹಾಕಿದರು. ಬಕೆಟ್ಟಿಗೆ ಪೇಂಟಲ್ಲಿ ಗೆರೆ ಎಳೆದುಕೊಟ್ಟು ಇಷ್ಟೇ ಅಂದೆ. ಮೇಸ್ತ್ರಿ ಒಂದು ಗುಡ್ಡೆ ಕಲಸಿ ಕರಣೆ ಆಡಿಸಿ, "ಸಾ, ನೀವೇ ಎಳೀರಿ" ಅಂತ ನನ್ನ ಕೈಗೇ ಕೊಟ್ಟ. ಎಳೆದೆ. ಬರಲಿಲ್ಲ. ಅವನು ಹೇಳಿದ್ದು ನಿಜ, ಆ ಎಂ-ಸ್ಯಾಂಡ್ ಬಲು ಒರಟು. ಅದಕ್ಕೆ ಮದ್ದು ನೀರಲ್ಲ, ಪ್ಲಾಸ್ಟಿಸೈಸರ್, ಅಂದ್ರೆ ನೀರು ಹೆಚ್ಚಿಸದೆ ಮಾಲನ್ನ ಸಡಿಲ ಮಾಡೋ ದ್ರಾವಣ. ಅಂಗಡಿಯಿಂದ ಒಂದು ಕ್ಯಾನ್ ತರಿಸಿ, ಡಬ್ಬದ ಮೇಲೆ ಬರೆದಷ್ಟನ್ನೇ ಅಳೆದು ಹಾಕಿದ್ವಿ. ಮುಂದಿನ ಗುಡ್ಡೆ ಬೆಣ್ಣೆ ಹಾಗೆ ಬಂತು. ಮೇಸ್ತ್ರಿ ಡಬ್ಬ ತಿರುಗಿಸಿ ಮುರುಗಿಸಿ ನೋಡಿ, "ಇದೆಷ್ಟು ಸಾ?" ಅಂದ. ರೇಟು ಹೇಳಿದೆ. "ನೀರು ಬಿಟ್ಟಿ ಅಲ್ವಾ ಸಾ" ಅಂತ ನಕ್ಕ.

ಮಿಕ್ಕಿದ ಅರ್ಧ ಕ್ಯಾನ್ ಸಂಜೆ ಅವನ ಗಾಡಿಯ ಡಿಕ್ಕಿಯಲ್ಲಿತ್ತು. ನಾನು ನೋಡಿಯೂ ನೋಡದವನ ಹಾಗೆ ಬಂದೆ.