ಲೆಕ್ಕಕ್ಕಿಲ್ಲದ ನಡಿಗೆ

ಪಂಢರಪುರಕ್ಕೆ ನಡೆಯೋಣ ಅಂತ ಬಂದವನನ್ನು ಬಸ್ಸಿನವನು ಪುಣೆ ಹತ್ತಿರದ ಆಳಂದಿಯ ಹೊರಗೇ ಇಳಿಸಿಬಿಟ್ಟ. ಸಂತ ಜ್ಞಾನೇಶ್ವರರ ಪಲ್ಲಕ್ಕಿ ಹೊರಡುವ ದಿನ ಗಾಡಿಗಳನ್ನು ಒಳಗೆ ಬಿಡುವುದಿಲ್ಲವಂತೆ. ಅಷ್ಟು ದೂರ ನಡೆಯುವವನಿಗೆ ಇದೇನು ಮಹಾ ಅನ್ನಬಹುದು. ಆದರೆ ಯಾತ್ರೆ ಶುರುವಾಗುವುದು ಆಳಂದಿಯಿಂದ ಅಲ್ವಾ? ಅಲ್ಲಿಯವರೆಗಿನದಕ್ಕೆ ಪುಣ್ಯ ಇಲ್ಲ, ಸುಮ್ನೆ ಕಾಲುನೋವು.

ಊರೊಳಗೆ ಎಲ್ಲರೂ ಎಲ್ಲರಿಗೂ 'ಮಾವುಲಿ', ಅಂದರೆ ತಾಯಿ. ಪೊಲೀಸರೂ ಹಾಗೇ ಕರೆಯುತ್ತಾರೆ, ಹೂವಿನವಳೂ. ಒಬ್ಬ ಮಾವುಲಿ ಅನ್ನುತ್ತಲೇ ಮೊಣಕೈಯಿಂದ ತಿವಿದು ಮುಂದೆ ಹೋದ. ಅಷ್ಟು ಭಕ್ತಿಯಿಂದ ಕರೆದವನನ್ನು ಬೈಯುವುದು ಹೇಗೆ?

ಯಾತ್ರೆ ಹೊರಡುವ ಊರಿನ ಬಗ್ಗೆ ಒಂದು ಘನವಾದ ಮಾತು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕುದುರೆಗಳು ಬಂದವು. ನಮ್ಮ ಕಡೆಯವೇ, ಚಿಕ್ಕೋಡಿ ಹತ್ತಿರದ ಅಂಕಲಿಯವು. 19ನೇ ಶತಮಾನದಲ್ಲಿ ಹೈಬತರಾವ್ ಬಾಬಾ ಜ್ಞಾನೇಶ್ವರರ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಹೊರಟ ಕಾಲದ ವಾಡಿಕೆಯಂತೆ, ಅಂಕಲಿಯ ಶಿತೋಳೆ ಸರದಾರರ ಮನೆಯಿಂದ ಇವು ಬರುತ್ತವೆ. ಲಾರಿಯಲ್ಲಲ್ಲ, ನಡೆದುಕೊಂಡು. ಹತ್ತಿರ ಹತ್ತಿರ 300 ಕಿಲೋಮೀಟರ್! ಆಳಂದಿಯಿಂದ ಪಂಢರಪುರಕ್ಕೇ ಅಷ್ಟಿಲ್ಲ. ಅಂದರೆ ಎಲ್ಲರೂ ಚೀಲ ಕಟ್ಟುವ ಹೊತ್ತಿಗೆ ಇವುಗಳದ್ದು ಅರ್ಧಕ್ಕಿಂತ ಜಾಸ್ತಿ ಮುಗಿದಿರುತ್ತದೆ. ಹಾಗೆ ಬಂದೆವು ಅಂತ ಹೇಳಿಕೊಳ್ಳಲು ಅವಕ್ಕೆ ಬಾಯಿಲ್ಲ.

ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ. ಖಾಲಿ ಅನ್ನಬಾರದು, ಅಲ್ಲಿ ಜ್ಞಾನೇಶ್ವರರೇ ಕೂತಿರುತ್ತಾರೆ. ಜನ ಅದರ ಮೈಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕುದುರೆ ಕಿವಿ ಹಿಂದಕ್ಕೆ ಮಡಚಿ, ಹಣೆಯ ಮೇಲೆ ಜಾರಿದ ಚೆಂಡುಹೂವಿನ ಹಾರವನ್ನು ತಲೆ ಕೊಡವಿ ಬೀಳಿಸಿತು. ಒಬ್ಬರು ಎತ್ತಿ ಮತ್ತೆ ಹಾಕಿದರು. ಅದು ಮತ್ತೆ ಕೊಡವಿತು. ಅದರ ಕಷ್ಟ ನನಗೆ ಚೆನ್ನಾಗಿ ಅರ್ಥವಾಯಿತು.

ಲಗಾಮು ಹಿಡಿದವರನ್ನು ಕೇಳಿದೆ, "ಕುದರಿ ದಣದಾವೇನ್ರಿ?"

"ಕುದರಿ ಎಲ್ಲಿ ದಣೀತಾವ್ರೀ, ನಾವ್ ದಣದೀವಿ" ಅಂದರು.

ಪ್ರಸ್ಥಾನದ ಹೊತ್ತಿಗೆ ದೇವಸ್ಥಾನದ ಕಳಸ ಅಲುಗುತ್ತದೆ, ಅದೇ ಹೊರಡುವ ಅಪ್ಪಣೆ ಎಂದು ನಂಬಿಕೆ. ನನಗೆ ಕಂಡದ್ದು ಮುಂದಿದ್ದವರ ಕೊಡೆ. ಅಂತೂ ಜಯಘೋಷ ಎದ್ದಿತು, ಪಲ್ಲಕ್ಕಿ ಹೊರಟಿತು. ಇವತ್ತಿನ ಮುಕ್ಕಾಂ ಎಲ್ಲಿ ಅಂತ ಚಹಾದಂಗಡಿಯವನನ್ನು ಕೇಳಿದರೆ, ಇಲ್ಲೇ, ಆಳಂದಿಯಲ್ಲೇ ಅನ್ನುವುದೇ! ಪುಣೆಯ ದಾರಿ ಹಿಡಿಯುವುದು ನಾಳೆಯಂತೆ. ಹೊತ್ತು ಮೀರುತ್ತದೆ ಅಂತ ಊಟ ಬಿಟ್ಟು ಓಡಿ ಬಂದಿದ್ದೆ ಮಾರಾಯ ಅಂತ ಅವನ ಮುಂದೆ ಗೋಳಾಡಿದೆ. ಪಾಪ, ಪೂರ್ತಿ ಕೇಳಿಸಿಕೊಂಡ. ಆಮೇಲೆ ಎರಡು ಚಹಾಕ್ಕೆ ಮೂರರ ದುಡ್ಡು ತೆಗೆದುಕೊಂಡ.